ಬಣ್ಣ ಬಳಿದ ಬಿತ್ತನೆ

ನವೆಂಬರ್ ೪, ಬೆಳಿಗ್ಗೆ ೯.೧೦. ತಜಿಕಿಸ್ತಾನದ ರಷ್ತ್ ಕಣಿವೆಯ ಠಾಣೆಗೆ ಸವ್ರಿನಿಸೊ ಎಂಬ ರೈತ ಮಹಿಳೆ ಬಂದಳು. ವಿದೇಶಿ ನೆರವಿನ ಕೃಷಿ ಯೋಜನೆಯವರು ಊರಿನ ಹದಿನಾಲ್ಕು ಹೆಂಗಸರಿಗೆ ಹಂಚಿದ್ದ ಬಿತ್ತನೆ ಗೋಧಿ ಮೂರು ವಾರವಾದರೂ ಮೊಳೆತಿಲ್ಲ ಎಂಬುದು ಅವಳ ದೂರು.

"ನೀರು ಸರಿಯಾಗಿ ಕಟ್ಟಿದ್ರಾ?" ಇನ್ಸ್‌ಪೆಕ್ಟರ್ ದಾವ್ಲತ್‌ಬೆಕ್ ಕೇಳಿದ.

"ಮೂವತ್ತು ವರ್ಷದಿಂದ ಬಿತ್ತೋಳು ನಾನು, ಸಾಹೇಬ್ರೆ. ನಿಮಗೆ ಪಿಸ್ತೂಲು ಹಿಡಿಯೋದು ಹೇಳ್ಕೊಡ್ಲಾ?"

ಎಫ್‌ಐಆರ್ ದಾಖಲಾಯಿತು. ೧೧.೩೦ಕ್ಕೆ ಇಬ್ಬರು ಪಂಚರೆದುರು ಕಾನ್‌ಸ್ಟೇಬಲ್ ಮಿರ್ಜೊ ಅವಳ ಹೊಲ ಅಗೆದ. ಉಬ್ಬಿ ಒಡೆದ ಕಾಳುಗಳು ನಾರುತ್ತಿದ್ದವು. ಮನೆಯಲ್ಲಿ ಉಳಿದಿದ್ದ ಅರ್ಧ ಚೀಲದಿಂದ ಒಂದು ಹಿಡಿ ತೆಗೆದು ನೀರಿಗೆ ಹಾಕಿದರೆ, ಬಿತ್ತನೆ ಬೀಜಕ್ಕೆ ಹಚ್ಚುವ ಔಷಧಿ ಲೇಪದಂತೆ ಕಂಡಿದ್ದ ಕೆಂಪು, ಬಟ್ಟೆಗೆ ಹಾಕುವ ಬಣ್ಣದ ಹಾಗೆ ನೀರಿಗೆ ಬಿಟ್ಟಿತು. ತೂತು ಬಿದ್ದ ಕಾಳುಗಳೂ ಸತ್ತ ಹುಳುಗಳೂ ಮೇಲೆ ತೇಲಿದವು. ಪಂಚನಾಮೆ ಬರೆದು ಚೀಲಕ್ಕೆ ಮೊಹರು ಹಾಕಿದರು.

ಯೋಜನೆಯ ಕ್ಷೇತ್ರಾಧಿಕಾರಿ ಹಕೀಂಶೊ ಅದೇ ಊರಿನವನು. 'ಶೇಕಡಾ ೯೨ ಮೊಳಕೆ' ಎಂದು ಅವನು ಕಳಿಸಿದ್ದ ವರದಿಯಲ್ಲಿ ಹಸಿರು ಹೊಲದ ಫೋಟೊ ಇತ್ತು. ಅದರ ಹಿಂದೆ ಕಾಣುತ್ತಿದ್ದ ಸೇತುವೆ ಪಕ್ಕದ ಜಿಲ್ಲೆಯದು.

ಮರುದಿನ ಯೋಜನೆಯ ಉಗ್ರಾಣ ತೆರೆಸಿದರು. ಹೊಳೆಯುವ ಹೊಸ ನಾಮಫಲಕದ ಹಿಂದೆ, ಸೋರುವ ಸೂರಿನ ಕೆಳಗೆ, ಅಸಲಿ ಬೀಜದ ಚೀಲಗಳು ಕಪ್ಪಗೆ ಲೋಳೆಯಾಗಿ ಕೊಳೆತಿದ್ದವು. ಬೀಜ ಸೆಪ್ಟೆಂಬರ್ ಮೊದಲ ವಾರವೇ ಬಂದಿತ್ತೆಂದು ಕಾವಲುಗಾರ ಹೇಳಿದ. ಹಂಚುವ ಫೋಟೊದಲ್ಲಿ ವಿದೇಶಿ ಅತಿಥಿಗಳು ಇರಲೇಬೇಕಿತ್ತು. ಅವರು ಎರಡು ಸಲ ದಿನ ಮುಂದೂಡಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ದಾವ್ಲತ್‌ಬೆಕ್ ಹೊರಗೆ ಬಂದು ಉಗಿದ. ಇನ್ನೆರಡು ವಾರದಲ್ಲಿ ಹಿಮ ಬೀಳುವುದಿತ್ತು. ಮತ್ತೆ ಬಿತ್ತುವ ಕಾಲ ಮುಗಿದಿತ್ತು.

ನವೆಂಬರ್ ೬, ಸಂಜೆ ೪ ಗಂಟೆಗೆ ಹಕೀಂಶೊನನ್ನು ಬಂಧಿಸಿದರು. ಗಿರಣಿಯ ಹುಳುಕು ಗೋಧಿ ತಂದು ತಾನೇ ಬಣ್ಣ ಹಾಕಿದ್ದಾಗಿ ಒಪ್ಪಿಕೊಂಡ.

"ಯಾಕೆ?"

"ಬೀಜ ಕೊಳೀತು ಅಂತ ಬರೆದ್ರೆ ಯೋಜನೆ ನಿಲ್ಲುತ್ತೆ, ನಿನ್ನ ಕೆಲಸಾನೂ ಹೋಗುತ್ತೆ ಅಂದ್ರು."

"ಯಾರು?"

ರಾಜಧಾನಿಯ ಇಬ್ಬರು ಮೇಲಧಿಕಾರಿಗಳ ಹೆಸರು ಹೇಳಿದ. ಕಡತ ಮೇಲೆ ಹೋದಾಗ ಆ ಹೆಸರುಗಳು ಅದರಲ್ಲಿ ಉಳಿಯುವುದಿಲ್ಲವೆಂದು ಗೊತ್ತಿದ್ದೂ ಇನ್ಸ್‌ಪೆಕ್ಟರ್ ದಪ್ಪಕ್ಷರದಲ್ಲಿ ಬರೆದುಕೊಂಡ. ಆಮೇಲೆ ಬೀಜ ಪಡೆದವರ ಪಟ್ಟಿ ನೋಡಿದ. ಹನ್ನೊಂದನೆಯ ಹೆಸರು ಹಕೀಂಶೊನ ತಾಯಿಯದು.

"ನಿಮ್ಮವ್ವಂಗೂ ಇದನ್ನೇ ಕೊಟ್ಯಾ?"

"ಕೊಡದಿದ್ರೆ ಜನಕ್ಕೆ ಅನುಮಾನ ಬರ್ತಿತ್ತು."

ಪ್ರತಿ ಶುಕ್ರವಾರ ಅವನು ಅವಳ ಮನೆಯಲ್ಲೇ ಉಣ್ಣುತ್ತಿದ್ದ. ಪೈರು ಯಾಕೆ ಬರಲಿಲ್ಲ ಎಂದು ಅವಳು ಕೇಳಿದಾಗ, ತೀರಾ ಆಳಕ್ಕೆ ಬಿತ್ತಿದ್ದೀಯ ಎಂದಿದ್ದ. ಮುದುಕಿ ಅದನ್ನು ನಂಬಿ, ಮೂರು ದಿನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಸಾಲಿನ ಮೇಲಿನ ಮಣ್ಣನ್ನು ಬೆರಳಲ್ಲಿ ಕೆದರಿ ತೆಗೆದಿದ್ದಳು.