ಪಿಸ್ತೂಲಿನ ಎರಡನೇ ಹಿಡಿ

ಡಾಕ್ಟರ್ ಶೇಷಗಿರಿ ಪೆಟ್ಟಿಗೆ ತೆರೆದರು. ತೆರೆದವರು ಹಾಗೆಯೇ ನಿಂತುಬಿಟ್ಟರು.

ಅಮೆರಿಕದ ಲಾಸ್ ಗ್ಯಾಟೋಸ್ ಗುಡ್ಡದ ಮೇಲಿನ ಶೂಟಿಂಗ್ ಕ್ಲಬ್ಬು. ಎಂಬತ್ತಾರನೇ ಇಸವಿಯ ವಿಜಯದಶಮಿ, ಭಾನುವಾರ ಬೆಳಿಗ್ಗೆ. ಪೆಟ್ಟಿಗೆಯೊಳಗೆ ಇದ್ದದ್ದು ಡಾಕ್ಟರದೇ ಪಿಸ್ತೂಲು. ಆದರೆ ನಳಿಗೆಯ ಕೆಳಗೆ, ಮುಂಭಾಗದಲ್ಲಿ, ಇನ್ನೊಂದು ಮರದ ಹಿಡಿ. ಲೋಹದ ಪಟ್ಟಿ ಸುತ್ತಿ, ಸ್ಕ್ರೂ ಹಾಕಿ ಬಿಗಿದಿತ್ತು.

"ಇದು ನಂದಲ್ಲ" ಎಂದರು ಡಾಕ್ಟರು.

"ಪಿಸ್ತೂಲು ನಿಮ್ಮದೇ ತಾನೆ?"

ಹಿಂದೆ ನಿಂತಿದ್ದವನು ಶೆರೀಫ್ ಇಲಾಖೆಯ ಡೆಪ್ಯುಟಿ ಮೆಂಡೋನ್ಸಾ. ಹೆಸರು ಕೇಳಿ ನಮ್ಮ ಮಂಗಳೂರಿನವನೇ ಎಂದು ನಾನು ಹಿಗ್ಗಿದೆ. ಅಲ್ಲವಂತೆ, ಪೋರ್ಚುಗೀಸ್ ಮೂಲದ ಅಮೆರಿಕನ್ ಅಂತೆ. ಡಾಕ್ಟರ ಪೆಟ್ಟಿಗೆ ನೋಡಿ ಎಂದು ಯಾರೋ ಬೆಳಿಗ್ಗೆ ಹೆಸರು ಹೇಳದೆ ಫೋನು ಮಾಡಿದ್ದರಂತೆ.

ನಾನು ಲೀಲಾಧರ. ಓಕ್ಲ್ಯಾಂಡ್ ಬಂದರಿನಲ್ಲಿ ಕೆಲಸ. ಪಕ್ಕದಲ್ಲಿದ್ದವಳು ನನ್ನ ಹೆಂಡತಿ ಸರೋಜಿನಿ. ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುತ್ತಾಳೆ. ಯಾರನ್ನೂ ನಂಬದಿರುವುದಕ್ಕೇ ಅವಳಿಗೆ ಸಂಬಳ. ಮನೆಯಲ್ಲಿ ಅದೇ ಕೆಲಸ ಪುಕ್ಕಟೆ.

"ಒಂದು ಮರದ ತುಂಡಿಗೆ ಇಷ್ಟು ಗಲಾಟೆ ಎಂಥದು ಮಾರಾಯ್ರೆ?" ಎಂದೆ.

ಮೆಂಡೋನ್ಸಾ ನನ್ನನ್ನು ಮರುಕದಿಂದ ನೋಡಿದ. "ಕಾನೂನಿನ ಪ್ರಕಾರ ಪಿಸ್ತೂಲು ಅಂದರೆ ಒಂದೇ ಕೈಯಲ್ಲಿ ಹಿಡಿದು ಹೊಡೆಯಲು ಮಾಡಿದ್ದು. ಮುಂದೆ ಹೀಗೆ ಇನ್ನೊಂದು ಹಿಡಿ ಬಂತೋ, ಅದು ಪಿಸ್ತೂಲಲ್ಲ, ಬೇರೆಯೇ ಜಾತಿಯ ಆಯುಧ. ಹಿಂದುಗಡೆ ಹೆಗಲಿಗೆ ಆನಿಸುವ ಹಿಡಿ ಹಾಕಿದರೆ ಗಿಡ್ಡ ರೈಫಲ್ಲು. ಯಾವುದೇ ಆಗಲಿ, ಮಾಡುವ ಮುಂಚೆ ಫೆಡರಲ್ ಸರ್ಕಾರದ ಒಪ್ಪಿಗೆ ಬೇಕು. ಇಲ್ಲದಿದ್ದರೆ ಜೈಲು."

ಡಾಕ್ಟರ ಮುಖ ಬಿಳಿಚಿತು. "ಮುಂದಿನ ತಿಂಗಳು ನನ್ನ ಸಿಟಿಜನ್‌ಶಿಪ್ ಪ್ರಮಾಣ ಇದೆ ಲೀಲಾಧರ್. ಕೇಸಾದ್ರೆ ಅದೂ ಹೋಯ್ತು, ಡಾಕ್ಟರ್ ಲೈಸೆನ್ಸೂ ಹೋಯ್ತು. ಹೆಂಡ್ತೀನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

"ಹೆದರ್ಬೇಡಿ ಡಾಕ್ಟ್ರೇ, ನಾನಿದ್ದೀನಿ" ಎಂದು ಅರವಿಂದ ಅವರ ಬೆನ್ನು ತಟ್ಟಿದ. ಕ್ಲಬ್ಬಿನ ಇನ್ನೊಬ್ಬ ಕನ್ನಡಿಗ, ಇಂಜಿನಿಯರು. ರಾಜ್ಯದ ತಂಡಕ್ಕೆ ಕ್ಲಬ್ಬಿನಿಂದ ಒಬ್ಬರಿಗೇ ಅವಕಾಶ. ಅದು ಡಾಕ್ಟರಿಗೆ ಸಿಕ್ಕಿತ್ತು. ಅರವಿಂದ ಎರಡನೆಯವನು.

ಸರೋಜಿನಿ ಪೆಟ್ಟಿಗೆಯ ಮೇಲೆ ಬಗ್ಗಿ ಮೂಸಿದಳು. "ಪಿಸ್ತೂಲಿಗೆ ಒಗ್ಗರಣೆ ಹಾಕಿದ್ದೀರಾ ಡಾಕ್ಟ್ರೇ? ಸಾರಿನ ವಾಸನೆ ಉಂಟಲ್ಲ!"

ಯಾರೂ ನಗಲಿಲ್ಲ. ಅವಳು ಡೆಪ್ಯುಟಿಯತ್ತ ತಿರುಗಿದಳು. "ಫೆಡರಲ್ ಆಫೀಸಿಗೆ ಹೇಳುವ ಮುಂಚೆ ಇವರ ಮನೆಗೊಮ್ಮೆ ಬನ್ನಿ. ನಿನ್ನೆಯಿಂದ ಈ ಪೆಟ್ಟಿಗೆ ಅಲ್ಲೇ ಇತ್ತು."

* * *

ಅರವಿಂದನೂ ತನ್ನ ಕಾರಿನಲ್ಲಿ ನಮ್ಮ ಹಿಂದೆಯೇ ಬಂದ. ಡಾಕ್ಟರ ಫ್ರೀಮಾಂಟಿನ ಮನೆಯಲ್ಲಿ ಶನಿವಾರದ ಆಯುಧ ಪೂಜೆ ಇನ್ನೂ ಹಾಗೆಯೇ ಇತ್ತು. ಹಾಲಿನ ಮೂಲೆಯ ಮೇಜಿನ ಮೇಲೆ ಸುತ್ತಿಗೆ, ಗರಗಸ, ಸ್ಕ್ರೂ ಡ್ರೈವರುಗಳು, ಅಡಿಗೆಮನೆಯ ಚಾಕು, ಡಾಕ್ಟರ ಸ್ಟೆತಾಸ್ಕೋಪು. ಎಲ್ಲದರ ಮೇಲೂ ಗಂಧ, ಕೆಂಪು ಬೊಟ್ಟು, ಚೆಂಡು ಹೂವು. ಪೂಜೆಯಾದ ಮೇಲೆ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಅಲ್ಲೇ ಇಟ್ಟಿದ್ದರು. ಭಾನುವಾರ ಬೆಳಿಗ್ಗೆ ಮಂಗಳಾರತಿ ಎತ್ತಿ, ಸ್ಪರ್ಧೆಗೆಂದು ಅದೊಂದನ್ನು ಮಾತ್ರ ಇಳಿಸಿಕೊಂಡು ಡಾಕ್ಟರು ಹೊರಟಿದ್ದರು.

ಪೂಜೆ ಮಾಡಿದವರು ಡಾಕ್ಟರ ಮಾವ ಬಸವಂತಪ್ಪ. ಧಾರವಾಡದವರು, ಮರಗೆಲಸದ ಹುಚ್ಚಿನವರು. ಮಗಳು ವಸುಧಾ ಬೇರೆ ಜಾತಿಯವನನ್ನು ಮೆಚ್ಚಿ ಮದುವೆಯಾದಳೆಂದು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಹೆಂಡತಿ ಬಂಗಾರೆವ್ವನ ಹಟಕ್ಕೆ ಸೋತು ಈಗ ಮೊದಲ ಸಲ ಬಂದಿದ್ದರು. ಮಾವ ಅಳಿಯನ ಮಾತು ಇನ್ನೂ ಅಷ್ಟಕ್ಕಷ್ಟೆ.

ಡೆಪ್ಯುಟಿ ಗರಗಸ ನೋಡಿದ. ಮುದುಕರನ್ನು ನೋಡಿದ. "ಈ ಮನೆಯಲ್ಲಿ ಮರಗೆಲಸ ಯಾರಿಗೆ ಬರುತ್ತೆ?"

ನಾನು ಕನ್ನಡದಲ್ಲಿ ಕೇಳಿದೆ. ಬಸವಂತಪ್ಪ ಅಳಿಯನತ್ತ ಒಮ್ಮೆ ನೋಡಿದರು.

"ನಾನಽ ಮಾಡೀನಿ. ಬರ್ಕೋ ಅನ್ರಿ ಅವಗ."

"ಅಪ್ಪಾ!" ವಸುಧಾ ಚೀರಿದಳು. ಬಂಗಾರೆವ್ವ ಅಲ್ಲೇ ಸೋಫಾದ ಮೇಲೆ ಕುಸಿದರು. ನಾನು ಅನುವಾದ ಮಾಡಿದೆ.

"ಯಾವಾಗ ಹಾಕಿದ್ದು?" ಸರೋಜಿನಿ ಕೇಳಿದಳು.

"ನಿನ್ನೆ ಮುಂಜಾನೆ, ಪೂಜಾಕ್ಕಿಂತ ಮೊದಲ."

"ಓಹೋ. ಡೆಪ್ಯುಟಿ, ಆ ಪಟ್ಟಿಯನ್ನು ಸ್ವಲ್ಪ ಸಡಿಲಿಸಿ."

ಮೆಂಡೋನ್ಸಾ ಕೈಗವಸು ಹಾಕಿ ಸ್ಕ್ರೂ ತಿರುಗಿಸಿದ. ಪಟ್ಟಿ ಜಾರಿತು. ಅದರ ಕೆಳಗೆ ಕೆಂಪು ಬೊಟ್ಟು ಚಪ್ಪಟೆಯಾಗಿ ಅಂಟಿತ್ತು.

"ಹಿಡಿ ಮೊದಲೇ ಇದ್ದಿದ್ದರೆ ಬೊಟ್ಟು ಪಟ್ಟಿಯ ಮೇಲಿರಬೇಕಿತ್ತು. ಇದು ಅಡಿಯಲ್ಲಿ ಉಂಟು. ಅಂದರೆ ಹಿಡಿ ಬಂದದ್ದು ಪೂಜೆಯ ನಂತರ. ಇನ್ನು ಈ ಮನೆಯ ಸ್ಕ್ರೂ ಡ್ರೈವರುಗಳನ್ನು ನೋಡಿ. ಒಂದರ ಬೊಟ್ಟಾದರೂ ಅಳಿಸಿದೆಯಾ? ಪೂಜೆಗಿಟ್ಟ ಆಯುಧವನ್ನು ಇವರು ಮುಟ್ಟುವವರಲ್ಲ."

"ಮುಟ್ತಾರೇನ್ರೀ?" ಬಂಗಾರೆವ್ವ ಎದ್ದು ಕೂತರು. "ಚಾಕು ಪೂಜಿಗೆ ಕುಂತೈತಿ, ಮುಟ್ಟಬ್ಯಾಡ ಅಂತ ನಿನ್ನೆ ಬೀನ್ಸೆಲ್ಲಾ ಕೈಲೇ ಮುರಿಸ್ಯಾರ!"

"ಹಾಗಾದರೆ ಸ್ಕ್ರೂ ಡ್ರೈವರು ಹೊರಗಿಂದ ಬಂದದ್ದು. ನಿನ್ನೆ ಪೂಜೆಯ ನಂತರ ಊಟಕ್ಕಿದ್ದ ಅತಿಥಿಗಳು ನಾವಿಬ್ಬರು ಮತ್ತು ಅರವಿಂದರು. ನಾನು ಎಲೆ ಬಿಟ್ಟು ಎದ್ದಿಲ್ಲ. ನನ್ನ ಗಂಡನಿಗೆ ಬಲ್ಬು ಹಾಕಲಿಕ್ಕೂ ಬರುವುದಿಲ್ಲ."

ಇಷ್ಟು ಸಂತೋಷದಿಂದ ನಾನು ಎಂದೂ ಅವಮಾನ ನುಂಗಿರಲಿಲ್ಲ.

* * *

ಅರವಿಂದ ಗಹಗಹಿಸಿ ನಕ್ಕ. "ಸಖತ್ ಡಿಟೆಕ್ಟಿವ್ ಮೇಡಂ ನೀವು! ಬನ್ನಿ, ನನ್ನ ಕಾರ್ ಟ್ರಂಕ್ ನೋಡ್ಕೊಳ್ಳಿ."

ಟೂಲ್ ಬಾಕ್ಸಿನಲ್ಲಿ ಸ್ಕ್ರೂ ಡ್ರೈವರು ಇತ್ತು. ತುದಿಯ ತನಕ ಕೆಂಪು ಮೆತ್ತಿತ್ತು.

"ನಾನೂ ಮನೇಲಿ ಪೂಜೆ ಮಾಡಿದ್ದೀನಿ ಮೇಡಂ. ಕುಂಕುಮ ಇಲ್ದೆ ಇನ್ನೇನಿರುತ್ತೆ?"

ಸರೋಜಿನಿ ಅದನ್ನು ಮೂಸಿದಳು. ಜೋರಾಗಿ ಸೀನಿದಳು. ಮತ್ತೆ ಮೂಸಿ ಮತ್ತೆ ಸೀನಿದಳು.

"ಬಂಗಾರೆವ್ವ, ನಿನ್ನೆ ನೀವು ಕಲಸಿ ಕೊಟ್ಟದ್ದು ಎಂಥ ಕುಂಕುಮ?"

ಬಂಗಾರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಬೈಬ್ಯಾಡ್ರಿ ಮತ್ತ. ಕುಂಕುಮದ ಡಬ್ಬಿ ಸಿಂಕಿನಾಗ ಬಿತ್ತು. ಇವರು ಮಂತ್ರಾ ಸುರು ಮಾಡಿಬಿಟ್ಟಿದ್ರು. ಕಪಾಟಿನಾಗ ಪ್ಯಾಪ್ರಿಕಾ ಅಂತ ಕೆಂಪನ್ನ ಪುಡಿ ಇತ್ತು. ಗಂಧದಾಗ ಕಲಸಿ ಕೊಟ್ಟೆ."

"ಏನಂದಿ? ಖಾರಪುಡೀಲೆ ಪೂಜಾ ಮಾಡ್ಸಿದೇನ ನನ್ನ ಕಡಿಂದ?" ಬಸವಂತಪ್ಪ ಗುಡುಗಿದರು. ನಾನು ಅನುವಾದ ಮುಗಿಸುವಷ್ಟರಲ್ಲಿ ಡೆಪ್ಯುಟಿ ಗೋಡೆ ಹಿಡಿದುಕೊಂಡು ನಗುತ್ತಿದ್ದ.

"ನಿಮ್ಮ ಮನೆಯ ಕುಂಕುಮವೂ ಅಡಿಗೆಮನೆಯದ್ದೇನಾ ಅರವಿಂದರೇ?" ಎಂದಳು ಸರೋಜಿನಿ. "ಪಟ್ಟಿಯ ಸಂದಿಯಿಂದ ಉಕ್ಕಿದ ಪುಡಿ ಸ್ಕ್ರೂವಿಗೂ ಹತ್ತಿತು, ಇದಕ್ಕೂ ಹತ್ತಿತು. ದಸರೆ ದಿನ ಯಾರ ಸ್ಕ್ರೂ ಡ್ರೈವರಿನ ಮೇಲೆ ಕೆಂಪಿಲ್ಲ ಎಂದು ನೀವು ಒರೆಸಲೇ ಇಲ್ಲ. ಊಟದ ನಡುವೆ ಮನೆಗೆ ಫೋನು ಮಾಡಬೇಕೆಂದು ಹಾಲಿಗೆ ಎದ್ದು ಹೋದದ್ದು ನೀವೊಬ್ಬರೇ. ಡಾಕ್ಟ್ರು ಒಳಗೆ ಹೋದರೆ ತಂಡದ ಜಾಗ ನಿಮ್ಮದು. ಬೆಳಿಗ್ಗೆ ಫೋನು ಮಾಡಿದ್ದೂ ನೀವೇ ತಾನೆ?"

ಅರವಿಂದನ ನಗು ಇಳಿದುಹೋಯಿತು. "ಒಂದೇ ಒಂದ್ಸಲ ಫಸ್ಟ್ ಬರ್ಬೇಕಿತ್ತು ಮೇಡಂ. ಜೈಲಿನ ತನಕ ಹೋಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

"ಅಂದುಕೊಂಡೇ ಮಾಡಿದ್ದು" ಎಂದಳು ಅವಳು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ.

* * *

ಅರವಿಂದನನ್ನು ಕಾರಿನಲ್ಲಿ ಕೂರಿಸಿ ಮೆಂಡೋನ್ಸಾ ವಾಪಸು ಬಂದ. ಬಸವಂತಪ್ಪನವರ ಎದುರು ನಿಂತ. "ಅಧಿಕಾರಿಗೆ ಸುಳ್ಳು ಹೇಳುವುದೂ ಅಪರಾಧ. ಮಾಡದ್ದನ್ನು ಯಾಕೆ ಒಪ್ಪಿಕೊಂಡರು?"

ನಾನು ಕೇಳಿದೆ. ಮುದುಕರು ನೆಲ ನೋಡುತ್ತಾ ಹೇಳಿದರು. "ನನ್ನ ಟಿಕೀಟು ಹೆಂಗೂ ಬರೋ ವಾರದ್ದು. ನನ್ನ ಜೈಲಿಗೆ ಹಾಕಿದ್ರ ಯಾರಿಗೇನು ನಷ್ಟ? ಇವನ ಬಾಳೇವು ಇಲ್ಲೇ ಐತಿ. ನನ್ನ ಮಗಳ ಬಾಳೇವೂ."

ಹೇಳುವಾಗ ನನ್ನ ಇಂಗ್ಲಿಷು ತೊದಲಿತು. ಡೆಪ್ಯುಟಿ ಮುದುಕರನ್ನೊಮ್ಮೆ ನೋಡಿದ. ಆಮೇಲೆ ನನ್ನನ್ನೇ ದಿಟ್ಟಿಸಿದ. "ಇವರು ಮೊದಲು ಹೇಳಿದ್ದನ್ನು ನೀವು ಸರಿಯಾಗಿಯೇ ಅನುವಾದ ಮಾಡಿದಿರಾ? ಖಂಡಿತವಾ?"

ಸರೋಜಿನಿ ನನ್ನ ಕಾಲು ತುಳಿದಳು.

"ಇವರದು ಧಾರವಾಡ, ನಂದು ಮಂಗಳೂರು" ಎಂದೆ. "ಅರ್ಧಕ್ಕರ್ಧ ಅರ್ಥವೇ ಆಗುವುದಿಲ್ಲ ಸಾರ್."

"ನಾನೂ ಹಾಗೇ ಅಂದುಕೊಂಡೆ" ಎಂದು ಅವನು ಟೋಪಿ ಹಾಕಿಕೊಂಡು ಹೊರಟ.

ಡಾಕ್ಟರು ಅಳುತ್ತಿದ್ದರು. ಮರೆಮಾಚಲೂ ಇಲ್ಲ. ಮಾವನ ಎರಡೂ ಕೈ ಹಿಡಿದುಕೊಂಡರು. "ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನಿ ಮಾವ. ನಾನು ಪ್ರಮಾಣ ತಗೊಳ್ಳೋ ದಿನ ನೀವು ಎದುರಿಗೆ ಕೂತಿರ್ಬೇಕು."

ಬಸವಂತಪ್ಪ ಕೈ ಬಿಡಿಸಿಕೊಳ್ಳಲಿಲ್ಲ. "ಇರ್ತೀನಿ ತಗೋ ಮಗನ. ಈಗ ಕಣ್ಣೀರು ಒರೆಸ್ಕೊ, ಊಟಾ ಮಾಡೂಣು ಬಾ."