ಅಪಾಯದ ಪಟ್ಟಿಯಲ್ಲಿ ಹೊಸ ಸಾಲು

ಕಂಟ್ರಾಕ್ಟರನಿಗೆ ಅರ್ಥವಾಗದ್ದು ಒಂದೇ: ಈ ಹೆಂಗಸು ತನ್ನ ಜೊತೆ ಜಗಳವನ್ನೇ ಆಡುವುದಿಲ್ಲವಲ್ಲ!

ಇಪ್ಪತ್ತು ವರ್ಷ ಕಟ್ಟಡ ಕಟ್ಟಿದವನು ಅವನು. ಕಟ್ಟಿಸುವವರ ಕಡೆಯ ಮ್ಯಾನೇಜರ್ ಹಾವಾದರೆ ತಾನು ಮುಂಗುಸಿ ಎಂದೇ ತಿಳಿದಿದ್ದ. ಈ ಆಸ್ಪತ್ರೆಗೆ ಮಾತ್ರ ಹೊಸ ಬಗೆಯ ಕರಾರು. ಇಬ್ಬರೂ ಲೆಕ್ಕ ಬಿಚ್ಚಿಡಬೇಕು. ಹಣ ಉಳಿದರೆ ಇಬ್ಬರಿಗೂ ಪಾಲು, ಕೆಟ್ಟರೆ ಇಬ್ಬರಿಗೂ ಪೆಟ್ಟು. ಕೆಲಸಕ್ಕೆ ಅಡ್ಡ ಬರಬಹುದಾದದ್ದನ್ನೆಲ್ಲ ಗೊತ್ತಾದ ದಿನವೇ ಗೋಡೆಯ ಮೇಲಿನ ಅಪಾಯದ ಪಟ್ಟಿಯಲ್ಲಿ ಬರೆಯಬೇಕು.

ಮೊದಲ ವಾರವೇ ಮ್ಯಾನೇಜರಮ್ಮ ‘ಕಂಬದ ನಕ್ಷೆ ತಪ್ಪಾಗಿದೆ, ತಪ್ಪು ನಮ್ಮದು’ ಎಂದು ಬರೆದು, ಅವನ ಕಡೆ ತಿರುಗಿ ನಕ್ಕಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಬೈಯಲು ತೆರೆದ ಅವನ ಬಾಯಿ ಹಾಗೇ ಉಳಿಯಿತು.

"ಅಕ್ಕ, ಆ ಮ್ಯಾನೇಜರಮ್ಮ ದಿನಾ ಊಟ ಆಯ್ತಾ ಅಂತಾರೆ. ಯಾಕಿರಬಹುದು?" ರಾತ್ರಿ ಮನೆಯಲ್ಲಿ ಅವನು ಕೇಳಿದ.

ಅಕ್ಕ ಬಟ್ಟೆ ಮಡಚುತ್ತಿದ್ದಳು. "ಕರಾರಲ್ಲಿ ಇದ್ಯೇನೋ, ನೋಡ್ಕೊ. ಮದುವೆಯಿಲ್ದೆ ನಲವತ್ತೇಳು ವರ್ಷ ಆಯ್ತು, ಇದನ್ನೂ ನಾನೇ ಹೇಳ್ಬೇಕಾ?"

ಅವನು ನಿಜಕ್ಕೂ ನೋಡಿದ. ‘ಪರಸ್ಪರ ಸೌಜನ್ಯ’ ಎಂದಿತ್ತು. ಅಷ್ಟೇನಾ ಎಂದುಕೊಂಡು ಕರಾರನ್ನು ಮಡಚಿಟ್ಟ.

ಸೋಮವಾರ ಪಟ್ಟಿಯಲ್ಲಿ ಅವಳ ದುಂಡು ಅಕ್ಷರದ ಹೊಸ ಸಾಲಿತ್ತು: ‘ಈ ಕಂಟ್ರಾಕ್ಟರ್ ವಿಷಯದಲ್ಲಿ ಮ್ಯಾನೇಜರ್ ತೀರ್ಮಾನ ನ್ಯಾಯವಾಗಿರುವುದಿಲ್ಲ. ಪರಿಹಾರ: ಮ್ಯಾನೇಜರ್ ಬದಲಾವಣೆ.’

ಅವನ ಪಿತ್ತ ನೆತ್ತಿಗೇರಿತು. ಅವಳ ಕೋಣೆಗೆ ನುಗ್ಗಿದ.

"ಏನ್ರೀ ಇದು? ಕಳಪೆ ಸಿಮೆಂಟ್ ಹಾಕಿದ್ನಾ? ಲಂಚ ಕೊಡೋಕೆ ಬಂದಿದ್ನಾ? ನನ್ ಮುಖ ಕಂಡ್ರೆ ಆಗಲ್ಲ ಅಂದ್ರೆ ನೇರ ಹೇಳಿ!"

"ಕೂತ್ಕೊಳಿ."

"ಕೂರಲ್ಲ."

"ನಿಂತೇ ಕೇಳಿ ಹಾಗಾದ್ರೆ. ಹೋದ ವಾರ ನಿಮ್ಮವರು ಕಟ್ಟಿದ ಒಂದು ಮೆಟ್ಟಿಲು ಇಂಚು ಎತ್ತರ ಜಾಸ್ತಿ ಬಂದಿತ್ತು. ಬೇರೆಯವರಾಗಿದ್ರೆ ಒಡೆಸ್ತಿದ್ದೆ. ನಿಮ್ಮ ಮುಖ ನೋಡಿ ಬಿಟ್ಬಿಟ್ಟೆ. ಆಸ್ಪತ್ರೆ ಮೆಟ್ಟಿಲು ರೀ ಅದು. ಕಾಯಿಲೆಯವರು ಹತ್ತೋದು. ನನಗೇ ನಾಚಿಕೆಯಾಯ್ತು."

ಅವನು ಕೂತ.

"ಅಂದ್ರೆ… ನನ್ನ ಮೇಲೆ ಸಿಟ್ಟಲ್ವಾ?"

"ಅಯ್ಯೋ! ನೀವು ಇಷ್ಟು ದೊಡ್ಡ ಕಟ್ಟಡ ಹೇಗ್ರೀ ಕಟ್ತೀರಿ?" ಅವಳ ಕಿವಿ ಕೆಂಪಾಗಿತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು.

ಅವನು ಧಡಕ್ಕನೆ ಎದ್ದು ಬಾಗಿಲಾಚೆ ಕೂಗಿದ: "ಏಯ್, ಆ ಎತ್ತರದ ಮೆಟ್ಟಿಲು ಈಗಲೇ ಒಡೀರೋ!"

"ಖರ್ಚು ನಮ್ಮಿಬ್ಬರಿಗೂ ಬೀಳುತ್ತೆ."

"ಬೀಳ್ಲಿ. ಒಡೆಸಿದ್ನಲ್ಲ, ಇನ್ನು ನೀವು ಹೋಗೋದು ಬೇಡ ಅಲ್ವಾ?"

"ಹೋಗ್ಲೇಬೇಕು. ಇದ್ರೆ ನಾಳೆ ಇನ್ನೊಂದು ಬಿಡ್ತೀನಿ." ಅವಳು ಕನ್ನಡಕ ಹಾಕಿಕೊಂಡು ಅವನನ್ನು ನೇರವಾಗಿ ನೋಡಿದಳು. "ಮಾತು ಮಾತಿಗೂ ಅಕ್ಕ ಅಂತೀರಲ್ಲ, ಭಾನುವಾರ ಆ ಅಕ್ಕನ್ನ ಕರ್ಕೊಂಡು ನಮ್ಮನೆಗೆ ಬನ್ನಿ. ನಿಮ್ಮಿಂದ ಅಂತೂ ಮಾತು ಹೊರಡಲ್ಲ."

ಸಿಟ್ಟಾಗಲು ಒಂದು ಕಾರಣವೂ ಸಿಗದೆ, ಕೈ ಎಲ್ಲಿಡಬೇಕೋ ತಿಳಿಯದೆ, ಅವನು ತಲೆಯಾಡಿಸುತ್ತಾ ನಿಂತ. ಹೊರಗೆ ಸುತ್ತಿಗೆ ಏಟು ಬೀಳತೊಡಗಿತ್ತು.