ಉಸಿರು ಬಿಡಿಸದ ಅಚ್ಚು

ನಮ್ಮತ್ತೆ ನಾವಿಬ್ಬರೂ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ, ಬಾಣಲೆಗೆ ಪ್ಲಾಸ್ಟಿಕ್ ಹಿಡಿ ಒತ್ತುವ ಪ್ರೆಸ್ಸಿನ ಮುಂದೆಯೇ ಕುಸಿದು ತೀರಿಕೊಂಡರು. ಬಿಸಿ ಅಚ್ಚಿಗೆ ಪ್ಲಾಸ್ಟಿಕ್ ಪುಡಿ ಸುರಿದು ಮುಚ್ಚಿದ ಮೇಲೆ, ಒಳಗಿನ ಗಾಳಿ ಹೋಗಲೆಂದು ಒಮ್ಮೆ ಚೂರು ತೆರೆಯುತ್ತೇವೆ. ಅದನ್ನು ಉಸಿರು ಬಿಡಿಸುವುದು ಅಂತೀವಿ. ಅವತ್ತು ಅತ್ತೆ ಅಚ್ಚು ಮುಚ್ಚಿದ್ದರು, ಉಸಿರು ಬಿಡಿಸಿರಲಿಲ್ಲ.

ಆ ಪ್ರೆಸ್ಸು ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಕರೆಂಟಿರಲಿಲ್ಲ. ತಣ್ಣಗಿದ್ದ ಪ್ರೆಸ್ಸು ಹುಸ್ಸೆಂದು ತಾನೇ ತೆರೆದುಕೊಂಡಿತು. ಬೆಳಿಗ್ಗೆ ನಾನೇ ಒರೆಸಿಟ್ಟ ಖಾಲಿ ಅಚ್ಚಿನಲ್ಲಿ ಹೊಸ ಹಿಡಿಯೊಂದಿತ್ತು.

“ಮುಟ್ಬೇಡಮ್ಮ, ಈಚೆ ಬಾ!” ಮೇಸ್ತ್ರಿ ಬಾಗಿಲಿಂದಲೇ ಕೂಗಿದರು.

“ಬದುಕಿದ್ದಾಗಲೇ ಅತ್ತೆಗೆ ಹೆದರ್ಲಿಲ್ಲ, ಈಗ ಹೆದರ್ತೀನಾ?” ಎಂದೆ.

ಆ ಹಿಡಿಯನ್ನು ಮನೆಗೆ ತಂದು ನನ್ನ ಬಾಣಲೆಗೇ ಹಾಕಿಕೊಂಡೆ. ಈಗಲೂ ಅದರಲ್ಲೇ ಅಡುಗೆ. ಒಲೆ ಹಚ್ಚುವ ಮೊದಲೇ ಹಿಡಿ ಕೈ ಸುಡುತ್ತದೆ. ಬಟ್ಟೆ ಸುತ್ತಿ ಹಿಡಿಯುತ್ತೇನೆ.